ಪಿಂಛಿಯನ್ನು ಕೆಳಗಿರಿಸಿದ ಸಮಂತಭದ್ರರು

ಮಣುವಕಹಳ್ಳಿ ಎಂಬ ಗ್ರಾಮದಲ್ಲಿ ತಪೋನಿರತರಾಗಿದ್ದ ದಿಗಂಬರ ಮುನಿಯೊಬ್ಬರು ಒಂದು ದಿನ ತಮ್ಮ ಗುರುಗಳ ಸನ್ನಿಧಿಗೆ ಬಂದು ಸಲ್ಲೇಖನ ವ್ರತಕ್ಕೆ ಅಪ್ಪಣೆ ಬೇಡಿದರು. ಗುರುಗಳು ಅಪ್ಪಣೆ ಕೊಡಲಿಲ್ಲ. ಅಷ್ಟಕ್ಕೇ ನಿಲ್ಲದೆ, ಮುನಿದೀಕ್ಷೆಯನ್ನೇ ಕೆಲಕಾಲ ಇಳಿಸಿಟ್ಟು, ಎಲ್ಲಿ ತೃಪ್ತಿಯಾಗುವಷ್ಟು ಅನ್ನ ದೊರೆಯುವುದೋ ಅಲ್ಲಿಗೆ ಹೋಗಿ, ರೋಗವನ್ನು ಶಮನಗೊಳಿಸಿಕೊಂಡು ಮರಳಿ ಬರುವಂತೆ ಆಜ್ಞಾಪಿಸಿದರು. ಪ್ರಾಣ ಬಿಡಲು ಸಿದ್ಧರಾಗಿ ಬಂದವರಿಗೆ ವ್ರತ ಬಿಡಬೇಕೆಂಬ ಈ ಆಜ್ಞೆ ಸಾವಿಗಿಂತ ಕಠಿನವಾಗಿ ಕೇಳಿಸಿರಬೇಕು. ಆ ಮುನಿಗಳೇ ಮುಂದೆ ಜೈನ ನ್ಯಾಯಶಾಸ್ತ್ರಕ್ಕೆ ಭದ್ರವಾದ ತಳಹದಿ ಹಾಕಿ, ಸ್ವಾಮಿ ಎಂಬ ಬಿರುದಿನಿಂದಲೇ ಪ್ರಸಿದ್ಧರಾದ ಸಮಂತಭದ್ರಾಚಾರ್ಯರು.

ಅವರ ಕಾಲವನ್ನು ಸಂಪ್ರದಾಯವು ಕ್ರಿ.ಶ. 2ನೇ ಶತಮಾನವೆಂದು ಎಣಿಸುತ್ತದೆ; ಅದಕ್ಕಿಂತ ಈಚೆಗೆ ತರುವ ವಿದ್ವಾಂಸರೂ ಇದ್ದಾರೆ. ಆಪ್ತಮೀಮಾಂಸೆಯ ಒಂದು ಓಲೆಪ್ರತಿಯ ಸಮಾಪ್ತಿವಾಕ್ಯವು ಅವರನ್ನು ಫಣಿಮಂಡಲದ ಉರಗಪುರದ ಅರಸನ ಮಗನೆಂದು ಗುರುತಿಸುತ್ತದೆ. ಅವರ ಸ್ತುತಿವಿದ್ಯೆಯ ಕೊನೆಯ ಚಿತ್ರಬಂಧದಲ್ಲಿ ಶಾಂತಿವರ್ಮ ಎಂಬ ಹೆಸರು ಅಡಗಿದೆ. ಅದು ಅವರ ಪೂರ್ವಾಶ್ರಮದ ನಾಮವಾಗಿರಬೇಕೆಂದು ಊಹೆ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಅವರನ್ನು ಕವಿಗಳಿಗೂ ವಾದಿಗಳಿಗೂ ವಾಗ್ಮಿಗಳಿಗೂ ಶಿರೋಭೂಷಣವೆಂದು ಕೊಂಡಾಡಿದ್ದಾರೆ. ಕನ್ನಡದ ಪ್ರಾಚೀನ ಜೈನ ಕವಿಗಳು ಕಾವ್ಯಾರಂಭದಲ್ಲಿ ಸಮಂತಭದ್ರ, ಕವಿಪರಮೇಷ್ಠಿ, ಪೂಜ್ಯಪಾದರನ್ನು ಒಟ್ಟಿಗೆ ಸ್ಮರಿಸುವುದು ವಾಡಿಕೆ. ಇಷ್ಟು ದೊಡ್ಡ ಹೆಸರಿನ ಹಿಂದೆ, ಏನನ್ನೂ ಸಾಧಿಸದೆ ಉಂಡು ಮಲಗಿ ಕಳೆದ ಕೆಲವು ತಿಂಗಳುಗಳಿವೆ ಎಂಬುದನ್ನು ಪರಂಪರೆ ಮರೆತಿಲ್ಲ, ಮರೆಮಾಚಿಯೂ ಇಲ್ಲ. ಪ್ರಭಾಚಂದ್ರ ಮತ್ತು ನೇಮಿದತ್ತರ ಕಥಾಕೋಶಗಳಲ್ಲಿ ಈ ವೃತ್ತಾಂತವಿದೆ. ಕನಕಗಿರಿ ಮಲೆಯೂರಿನ ದೇವಚಂದ್ರನು 19ನೇ ಶತಮಾನದಲ್ಲಿ ಬರೆದ ರಾಜಾವಳಿ ಕಥೆಯಲ್ಲಿಯೂ ಇದೆ. ವಿವರಗಳಲ್ಲಿ ಭೇದವಿದೆ. ಇತಿಹಾಸಕಾರರು ಇದರ ಎಲ್ಲ ಅಂಶಗಳನ್ನೂ ಒಪ್ಪುವುದಿಲ್ಲ. ಆದರೆ ರೋಗ ಬಂದುದು, ಅದನ್ನು ಗೆದ್ದುದು ಈ ಎರಡರಲ್ಲಿ ಕಥನಗಳಿಗೆ ಭಿನ್ನಾಭಿಪ್ರಾಯವಿಲ್ಲ.

ಆ ರೋಗದ ಹೆಸರು ಭಸ್ಮಕ. ಆಯುರ್ವೇದದ ಪ್ರಕಾರ ದೇಹದಲ್ಲಿ ಕಫವು ಕ್ಷೀಣಿಸಿ, ವಾತವನ್ನು ಕೂಡಿಕೊಂಡ ಪಿತ್ತವು ಪ್ರಕೋಪಗೊಂಡಾಗ ಜಠರಾಗ್ನಿಯು ಹದ ಮೀರಿ ಉರಿಯುತ್ತದೆ. ಉಂಡದ್ದು ಕ್ಷಣಮಾತ್ರದಲ್ಲಿ ಬೂದಿಯಾಗುತ್ತದೆ; ಉಣ್ಣಲು ಇಲ್ಲದಿದ್ದರೆ ಆ ಅಗ್ನಿಯು ರಕ್ತಮಾಂಸಾದಿ ಧಾತುಗಳನ್ನೇ ಸುಡತೊಡಗುತ್ತದೆ. ಕಟ್ಟಿಗೆಯಿಲ್ಲದ ಒಲೆ ಮನೆಯ ತೊಲೆಗೇ ಬಾಯಿ ಹಾಕಿದಂತೆ. ಇಂಥ ರೋಗವು ಯಾರಿಗೆ ಬಂದರೂ ಕಷ್ಟವೇ. ಆದರೆ ದಿಗಂಬರ ಮುನಿಗೆ ಬಂದಾಗ ಅದರ ಸ್ವರೂಪವೇ ಬೇರೆ. 28 ಮೂಲಗುಣಗಳನ್ನು ಪಾಲಿಸುವ ಮುನಿಯು ದಿನಕ್ಕೆ ಒಂದೇ ಬಾರಿ, ನಿಂತುಕೊಂಡೇ, ಕರಪಾತ್ರೆಯಲ್ಲಿ, ಶ್ರಾವಕರು ಭಕ್ತಿಯಿಂದ ಕೊಟ್ಟಷ್ಟನ್ನು ಮಾತ್ರ ಸ್ವೀಕರಿಸುವವನು. ಅಂತರಾಯ ಕಂಡರೆ ಅದೂ ಇಲ್ಲ. ನೆಲವೇ ಹಾಸಿಗೆ, ನಿದ್ರೆಯೂ ಅಲ್ಪ. ಸಾಮಾಯಿಕ, ಸ್ತವ, ವಂದನೆ, ಪ್ರತಿಕ್ರಮಣ, ಪ್ರತ್ಯಾಖ್ಯಾನ, ಕಾಯೋತ್ಸರ್ಗ ಎಂಬ ಷಡಾವಶ್ಯಕಗಳಿಗೆ ಒಂದು ದಿನವೂ ಬಿಡುವಿಲ್ಲ. ಆರೋಗ್ಯವಂತನಿಗೆ ಈ ಚರ್ಯೆಯು ಕರ್ಮನಿರ್ಜರೆಯ ದಾರಿ. ಭಸ್ಮಕ ಹತ್ತಿದವನಿಗೆ ಅದು ದಿನದಿನವೂ ಒಲೆಯೊಳಗೆ ತನ್ನನ್ನೇ ಒಡ್ಡಿಕೊಂಡಂತೆ.

ಮೊದಮೊದಲು ಸಮಂತಭದ್ರರು ಸಹಿಸಿಕೊಂಡರು. ಸಹಿಸಿಕೊಳ್ಳುವುದನ್ನೇ ಅವರು ಕಲಿತಿದ್ದರು. ಮುನಿಯು ಗೆಲ್ಲಬೇಕಾದ 22 ಪರೀಷಹಗಳಲ್ಲಿ ಮೊದಲನೆಯದೇ ಹಸಿವು. ರೋಗವೂ ಅದೇ ಪಟ್ಟಿಯಲ್ಲಿದೆ. ಹಸಿವನ್ನು ಪರೀಷಹವೆಂದು ತಿಳಿದು ಅವರು ಧ್ಯಾನಕ್ಕೆ ಕುಳಿತರು, ಸ್ವಾಧ್ಯಾಯವನ್ನು ಬಿಡಲಿಲ್ಲ. ಆಹಾರಕ್ಕಾಗಿ ಹೆಚ್ಚು ಬೇಡಲಿಲ್ಲ, ಬೇಡುವಂತೆಯೂ ಇರಲಿಲ್ಲ. ಆದರೆ ದೇಹ ಸೊರಗಿತು. ನಿಂತು ಕಾಯೋತ್ಸರ್ಗ ಮಾಡುವ ಕಾಲುಗಳು ಸೋತವು. ಆವಶ್ಯಕಗಳನ್ನು ಲೋಪವಿಲ್ಲದೆ ನಡೆಸುವುದು ಇನ್ನು ಸಾಧ್ಯವಾಗದೆಂಬ ಭಯ ಹುಟ್ಟಿತು. ವ್ರತಕ್ಕೆ ಕುಂದು ಬರುವ ಮೊದಲೇ ವ್ರತದೊಡನೆ ದೇಹವನ್ನು ಮುಗಿಸಿಬಿಡುವುದು ಮೇಲೆಂದು ಅವರಿಗೆ ತೋರಿತು. ಅದೇ ಭಾವದಿಂದ ಅವರು ಗುರುಗಳ ಮುಂದೆ ಕೈಮುಗಿದು ನಿಂತರು.

ಆ ಕೋರಿಕೆ ಮೇಲ್ನೋಟಕ್ಕೆ ಉದಾತ್ತವಾದದ್ದೇ. ಅದರೊಳಗೆ ಸೂಕ್ಷ್ಮವಾದ ಒಂದು ದೋಷವಿತ್ತು. ಅದನ್ನು ಕಂಡವರು ಗುರುಗಳು. ಸಮಂತಭದ್ರರ ಕಣ್ಣಮುಂದೆ ಎರಡೇ ದಾರಿಗಳಿದ್ದವು. ಎಂದಿನಂತೆ ಎಲ್ಲವನ್ನೂ ನಡೆಸುವುದು, ಇಲ್ಲವೇ ಇರದಿರುವುದು. ಶ್ರಮಿಸುವುದನ್ನೇ ಬದುಕಾಗಿಸಿಕೊಂಡವರಿಗೆ ಈ ಎರಡರ ನಡುವೆ ಮೂರನೆಯದೊಂದು ದಾರಿ ಹೊಳೆಯುವುದಿಲ್ಲ. ಗುರುಗಳಾದರೋ ರೋಗಕ್ಕೆ ಪ್ರತೀಕಾರವಿದೆ ಎಂಬುದನ್ನು ಬಲ್ಲವರು. ಶಿಷ್ಯನಿಗೆ ಇನ್ನೂ ಆಯುಷ್ಯವಿದೆ, ಅವನಿಂದ ಧರ್ಮಪ್ರಭಾವನೆ ಆಗಬೇಕಾಗಿದೆ ಎಂಬುದನ್ನೂ ತಮ್ಮ ನಿಮಿತ್ತಜ್ಞಾನದಿಂದ ಅರಿತವರು. ಪರಿಹಾರವಿರುವ ರೋಗಕ್ಕೆ ದೇಹತ್ಯಾಗವನ್ನು ಒಪ್ಪುವುದು ಅವರಿಗೆ ಧರ್ಮವೆನಿಸಲಿಲ್ಲ. ತೀರ್ಥಂಕರತ್ವಕ್ಕೆ ಕಾರಣವಾಗುವ ಹದಿನಾರು ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳ ಹಿಂದೆ ಶಕ್ತಿಗೆ ತಕ್ಕಂತೆ ಎಂಬ ವಿಶೇಷಣ ಸೇರಿರುವುದನ್ನು ಷೋಡಶಕಾರಣ ಪೂಜೆ ಮಾಡುವವರೆಲ್ಲರೂ ಬಲ್ಲರು. ಶಕ್ತಿಯನ್ನು ಬಚ್ಚಿಟ್ಟುಕೊಂಡು ತಪಸ್ಸು ಮಾಡುವುದು ಎಷ್ಟು ತಪ್ಪೋ, ಇಲ್ಲದ ಶಕ್ತಿಯನ್ನು ಇದೆಯೆಂದು ಭಾವಿಸಿ ತಪಸ್ಸು ಮಾಡುವುದೂ ಆ ವಿಶೇಷಣವನ್ನು ಮೀರಿದ್ದೇ. ಗುರುಗಳು ಶಿಷ್ಯನಿಗೆ ಸಾವನ್ನು ಕೊಡಲಿಲ್ಲ, ಸಡಿಲವಾದ ಮುನಿಚರ್ಯೆಯನ್ನೂ ಕೊಡಲಿಲ್ಲ. ಪಿಂಛಿ ಹಿಡಿದ ಕೈಯಲ್ಲೇ ಎರಡು ಹೊತ್ತು ಉಣ್ಣಲು ಅನುಮತಿ ಕೊಟ್ಟಿದ್ದರೆ ಅದು ಸುಲಭವಾಗುತ್ತಿತ್ತು. ಆಗ ಮುನಿಮಾರ್ಗಕ್ಕೇ ಕಲೆ ಹತ್ತುತ್ತಿತ್ತು. ಆದುದರಿಂದ ಪಿಂಛಿ ಕಮಂಡಲುಗಳನ್ನು ಪೂರ್ತಿಯಾಗಿ ಕೆಳಗಿರಿಸಿ, ರೋಗಿಯಾಗಿ ಹೋಗಿ, ಗುಣವಾದ ಮೇಲೆ ಪ್ರಾಯಶ್ಚಿತ್ತದೊಡನೆ ಮತ್ತೆ ದೀಕ್ಷೆ ತೆಗೆದುಕೊಳ್ಳಬೇಕೆಂಬುದು ಅವರ ತೀರ್ಮಾನ. ಈ ಗುರುವಿನ ವಿವೇಕಕ್ಕೆ ಸಲ್ಲಬೇಕಾದ ಗೌರವ ಸಂದಿರುವುದು ಕಡಿಮೆಯೇ ಎನ್ನಬೇಕು.

ಸಮಂತಭದ್ರರು ಆಜ್ಞೆಯನ್ನು ಪಾಲಿಸಿದರು. ಅದಕ್ಕೆ ಬೇಕಾದ ಧೈರ್ಯ ಉಪವಾಸಕ್ಕೆ ಬೇಕಾದ ಧೈರ್ಯಕ್ಕಿಂತ ದೊಡ್ಡದು. ಉಪವಾಸ ಮಾಡುವ ಮುನಿಯನ್ನು ಜನ ನಮಸ್ಕರಿಸುತ್ತಾರೆ. ದೀಕ್ಷೆ ಬಿಟ್ಟು ಅನ್ನ ಹುಡುಕಿಕೊಂಡು ಹೋಗುವವನನ್ನು ಯಾರು ನಮಸ್ಕರಿಸಿಯಾರು? ನಿನ್ನೆಯವರೆಗೆ ತಲೆಬಾಗಿದವರೇ ಇಂದು ಮುಖ ತಿರುಗಿಸಿಕೊಂಡಾರು. ಆತ್ಮದೊಳಗಿನ ಸಮ್ಯಕ್ತ್ವಕ್ಕೆ ಕುಂದಿಲ್ಲವೆಂಬುದು ಅವರಿಗೆ ಮಾತ್ರ ಗೊತ್ತು. ನೇಮಿದತ್ತನ ಕಥೆಯಂತೆ ಅವರು ಹಲವು ದೇಶಗಳನ್ನು ಸುತ್ತಿದರು. ಪುಂಡ್ರನಗರದಲ್ಲಿ ಬೌದ್ಧಭಿಕ್ಷುವಿನ ವೇಷದಲ್ಲಿ, ದಶಪುರದಲ್ಲಿ ಭಾಗವತ ಪರಿವ್ರಾಜಕನ ವೇಷದಲ್ಲಿ ಅನ್ನಸತ್ರಗಳನ್ನು ಹುಡುಕಿದರು. ಎಲ್ಲಿಯೂ ಆ ಅಗ್ನಿಗೆ ಸಾಲುವಷ್ಟು ಸಿಗಲಿಲ್ಲ. ಕೊನೆಗೆ ಮೈಗೆ ಭಸ್ಮವನ್ನು ಬಳಿದುಕೊಂಡು ಶೈವಯೋಗಿಯಂತೆ ಶಿವಕೋಟಿ ರಾಜನ ಶಿವಾಲಯಕ್ಕೆ ಬಂದರು. ಆ ನಗರ ವಾರಾಣಸಿಯೆಂದು ನೇಮಿದತ್ತ, ಕಂಚಿಯೆಂದು ದೇವಚಂದ್ರ. ಭಸ್ಮಕವನ್ನು ಶಮನಗೊಳಿಸಲು ಮೈತುಂಬ ಭಸ್ಮವನ್ನೇ ಧರಿಸಬೇಕಾಗಿ ಬಂದುದು ವಿಚಿತ್ರವಾದ ಯೋಗಾಯೋಗ.

ರಾಜಾವಳಿ ಕಥೆಯ ಪ್ರಕಾರ ಅಲ್ಲಿಯ ಭೀಮಲಿಂಗದ ಗುಡಿಯಲ್ಲಿ ದಿನಕ್ಕೆ 12 ಖಂಡುಗ ಅಕ್ಕಿಯ ಅನ್ನ ವಿನಿಯೋಗವಾಗುತ್ತಿತ್ತು. ದೇವರಿಗೆ ತಾವು ಸಾಕ್ಷಾತ್ತಾಗಿ ಉಣ್ಣಿಸಬಲ್ಲೆವೆಂದು ರಾಜನಿಗೆ ತಿಳಿಸಿ, ಗರ್ಭಗೃಹದ ಬಾಗಿಲು ಹಾಕಿಕೊಂಡು, ನೈವೇದ್ಯವನ್ನೆಲ್ಲ ಸಮಂತಭದ್ರರೇ ಉಂಡರು. ಬಾಗಿಲು ತೆರೆದಾಗ ಒಂದು ಅಗುಳೂ ಉಳಿದಿರಲಿಲ್ಲ. ರಾಜನು ಬೆರಗಾದನು. ಸತ್ಯವ್ರತಿಯೊಬ್ಬರ ಜೀವನದಲ್ಲಿ ಇಂಥದೊಂದು ಮರೆಮಾಚುವಿಕೆ ಹೇಗೆ ಬಂತು ಎಂದು ಓದುಗರು ಕೇಳಬಹುದು. ಕಥೆ ಅದನ್ನು ಸಮರ್ಥಿಸಲು ಹೋಗುವುದಿಲ್ಲ. ಆ ಹೊತ್ತಿಗೆ ಅವರು ಮಹಾವ್ರತಗಳನ್ನು ಇಳಿಸಿಟ್ಟಿದ್ದರೆಂಬುದನ್ನೂ, ಮುಂದೆ ಪ್ರಾಯಶ್ಚಿತ್ತ ಪಡೆದರೆಂಬುದನ್ನೂ ಹೇಳಿ ಸುಮ್ಮನಾಗುತ್ತದೆ. ಒಂದು ಸಂಗತಿ ಮಾತ್ರ ಉಲ್ಲೇಖನೀಯ: ಜಿನಶಾಸನದ ಮಹಾನ್ ಆಚಾರ್ಯರೊಬ್ಬರ ಪ್ರಾಣವನ್ನು ಉಳಿಸಿದ್ದು ಶಿವಾಲಯದ ಅನ್ನ.

ಇನ್ನು ಚಿಕಿತ್ಸೆಯ ವಿಷಯ. ಅತ್ಯಗ್ನಿಗೆ ಚರಕಸಂಹಿತೆ ಹೇಳುವ ಉಪಚಾರವು ಮುನಿಚರ್ಯೆಯ ಪ್ರತಿಯೊಂದು ಅಂಶಕ್ಕೂ ವಿರುದ್ಧವಾಗಿದೆ. ಗುರುವಾದ, ಜಿಡ್ಡಾದ, ಸಿಹಿಯಾದ, ತಂಪಾದ ಆಹಾರ ಬೇಕು. ಹಾಲು, ತುಪ್ಪ, ಪಾಯಸ ಬೇಕು. ಮೊದಲು ಉಂಡದ್ದು ಜೀರ್ಣವಾಗುವ ಮುನ್ನವೇ ಮತ್ತೆ ಮತ್ತೆ ಉಣ್ಣಬೇಕು. ಉಂಡ ಮೇಲೆ ಹಗಲಿನಲ್ಲಿ ಮಲಗಿ ನಿದ್ರಿಸಬೇಕು. ಬೇರೆಲ್ಲರಿಗೂ ಬಹುಮಟ್ಟಿಗೆ ನಿಷಿದ್ಧವಾದ ಹಗಲುನಿದ್ರೆಯೇ ಈ ರೋಗಿಗೆ ಔಷಧ, ಏಕೆಂದರೆ ಕ್ಷೀಣಿಸಿದ ಕಫವು ತುಂಬಿಕೊಂಡು ಅಗ್ನಿಯನ್ನು ತಣಿಸಬೇಕಾಗಿದೆ. ನೀರಸವಾದ ಆಹಾರವನ್ನು ದಿನಕ್ಕೊಮ್ಮೆ ಸ್ವೀಕರಿಸಿ ಇರುಳಿನಲ್ಲಿಯೂ ಎಚ್ಚರವಿರುವುದನ್ನು ಸಾಧನೆಯೆಂದು ತಿಳಿದಿದ್ದವರಿಗೆ ಹೊಟ್ಟೆ ತುಂಬ ಉಂಡು ಮಧ್ಯಾಹ್ನ ಮಲಗುವುದೇ ಈಗ ಮಾಡಬೇಕಾದ ಕೆಲಸವಾಯಿತು. ಆ ದಿನಗಳಲ್ಲಿ ಅವರು ಒಂದು ಗ್ರಂಥವನ್ನು ಬರೆದರೆಂದಾಗಲಿ, ಒಂದು ವಾದವನ್ನು ಗೆದ್ದರೆಂದಾಗಲಿ ಯಾವ ಕಥೆಯೂ ಹೇಳುವುದಿಲ್ಲ. ಹೇಳುವುದು ಅನ್ನದ ಲೆಕ್ಕವನ್ನು ಮಾತ್ರ.

ಆ ಲೆಕ್ಕವೇ ಈ ವೃತ್ತಾಂತದ ಅತ್ಯಂತ ಸುಂದರವಾದ ಭಾಗ. ಮೊದಲ ದಿನಗಳಲ್ಲಿ ಪಾತ್ರೆಗಳು ಬರಿದಾಗಿ ಹೊರಬಂದವು. ಕಾಲ ಕಳೆದಂತೆ ಸ್ವಲ್ಪ ಅನ್ನ ಉಳಿಯತೊಡಗಿತು. ಕಾಲುಭಾಗ ಉಳಿಯಿತು, ಆಮೇಲೆ ಅರ್ಧ ಉಳಿಯಿತು. ಒಂದು ಕಥನದಲ್ಲಿ ಹೀಗೆ ಆರು ತಿಂಗಳು ಕಳೆದುವೆಂದಿದೆ. ಗುಣವಾಗುವುದೆಂದರೆ ಉಳಿದ ಅನ್ನದ ಪ್ರಮಾಣ ದಿನದಿನಕ್ಕೆ ಹೆಚ್ಚುವುದು, ಅಷ್ಟೆ. ಅವಸರ ಮಾಡಿ ಅದನ್ನು ಬೇಗ ತರುವಂತಿರಲಿಲ್ಲ. ಮೂರು ದಿನ ಉಂಡು, ಅರ್ಧ ಗುಣವಾದೊಡನೆ ತಪಸ್ಸಿಗೆ ಓಡಿದ್ದರೆ ಅಗ್ನಿಯು ಮತ್ತೆ ಹೊತ್ತಿಕೊಳ್ಳುತ್ತಿತ್ತು. ಸಮಂತಭದ್ರರು ಓಡಲಿಲ್ಲ, ಗುರುಗಳು ಹೇಳಿದ್ದು ಶಮನವಾಗುವವರೆಗೆ ಎಂದು, ಅಲ್ಲಿಯವರೆಗೂ ಕಾದರು. ವಿಶ್ರಾಂತಿಗೂ ಪ್ರಮಾದಕ್ಕೂ ಇರುವ ಭೇದವನ್ನು ಇಲ್ಲಿ ಕಾಣಬೇಕು. ಪ್ರಮಾದಿಯು ಎಲ್ಲಿಗೆ ಮರಳಬೇಕೆಂಬುದನ್ನು ಮರೆತಿರುತ್ತಾನೆ. ಅವರು ಮರೆತಿರಲಿಲ್ಲ.

ಅನ್ನ ಉಳಿಯತೊಡಗಿದ್ದೇ ಅವರ ಗುಟ್ಟನ್ನು ಹೊರಗೆಡವಿತು. ಉಣ್ಣುವ ದೇವರಿಗೆ ಹಸಿವು ಏಕೆ ಕಡಿಮೆಯಾಯಿತೆಂದು ರಾಜನಿಗೆ ಸಂದೇಹ ಬಂತು. ಗುಡಿಯನ್ನು ಕಾವಲುಭಟರು ಸುತ್ತುವರಿದರು. ಲಿಂಗಕ್ಕೆ ನಮಸ್ಕರಿಸಬೇಕೆಂದು ರಾಜಾಜ್ಞೆಯಾಯಿತು. ಸಮಂತಭದ್ರರು ಅಲ್ಲಿಯೇ ನಿಂತು ವೃಷಭನಾಥರಿಂದ ಮೊದಲುಗೊಂಡು ತೀರ್ಥಂಕರರ ಸ್ತುತಿಯನ್ನು ಆರಂಭಿಸಿದರು. ಎಂಟನೆಯವರಾದ ಚಂದ್ರಪ್ರಭ ಸ್ವಾಮಿಯ ಸ್ತುತಿ ಬರುವಾಗ ಆ ಜಿನಬಿಂಬವು ಪ್ರಕಟವಾಯಿತೆಂದು ಭಕ್ತರ ನಂಬಿಕೆ. ಅಂದು ಹೊಮ್ಮಿದ ಸ್ತುತಿಯೇ ಇಂದಿಗೂ ಬಸದಿಗಳಲ್ಲಿ ಪಠಿಸಲಾಗುವ ಸ್ವಯಂಭೂ ಸ್ತೋತ್ರ. ದೇಹವು ಚೇತರಿಸಿಕೊಂಡು, ನಾಲಗೆಗೆ ಶಕ್ತಿ ಮರಳಿ, ಮನಸ್ಸು ತಿಳಿಯಾದ ಮೇಲೆಯೇ ಆ ಸ್ತುತಿ ಬಂತೆಂಬುದನ್ನು ಗಮನಿಸದೆ ಪವಾಡವನ್ನು ಮಾತ್ರ ನೆನೆಯುವುದು ವಾಡಿಕೆಯಾಗಿದೆ. ಶಿವಕೋಟಿಯು ತಮ್ಮನಾದ ಶಿವಾಯನನೊಡನೆ ಅವರ ಪಾದಕ್ಕೆರಗಿದನೆಂದೂ, ರಾಜ್ಯವನ್ನು ಮಗನಿಗೊಪ್ಪಿಸಿ ದೀಕ್ಷೆ ಪಡೆದನೆಂದೂ ರಾಜಾವಳಿ ಕಥೆ ಮುಂದುವರಿಯುತ್ತದೆ.

ಸಮಂತಭದ್ರರು ಮಾತಿನಂತೆ ಮರಳಿ ದೀಕ್ಷೆ ತೆಗೆದುಕೊಂಡರು. ಇಳಿಸಿಟ್ಟಿದ್ದ ಪಿಂಛಿ ಮತ್ತೆ ಕೈಗೆ ಬಂತು. ಆಮೇಲಿನ ಅವರ ಬದುಕು ಬೆರಗು ಹುಟ್ಟಿಸುವಂಥದು. ಪಾಟಲಿಪುತ್ರದಲ್ಲಿ ವಾದಭೇರಿಯನ್ನು ಮೊಳಗಿಸಿ, ಮಾಳವ, ಸಿಂಧು, ಠಕ್ಕ ದೇಶಗಳನ್ನೂ ಕಾಂಚೀಪುರ, ವಿದಿಶೆಗಳನ್ನೂ ದಾಟಿ, ವಿದ್ವಾಂಸರಿಂದ ತುಂಬಿದ ಕರಹಾಟಕಕ್ಕೆ, ಎಂದರೆ ಇಂದಿನ ಕರಾಡಕ್ಕೆ, ಅವರು ಬಂದರೆಂದು ಶಾಸನವು ಸ್ಮರಿಸುತ್ತದೆ. ಕಾಲ್ನಡಿಗೆಯಲ್ಲೇ ಸಂಚರಿಸುವ ಮುನಿಗೆ ಇದು ಎಷ್ಟು ದೂರ! ಎದ್ದು ನಿಲ್ಲಲಾರದೆ ಸಾವನ್ನು ಬೇಡಿದ್ದ ಕಾಲುಗಳೇ ಇವು. ಆಪ್ತಮೀಮಾಂಸೆ, ಯುಕ್ತ್ಯನುಶಾಸನ ಮುಂತಾದ ಕೃತಿಗಳಲ್ಲಿ ಅವರು ಸ್ಯಾದ್ವಾದಕ್ಕೆ ತರ್ಕದ ಕವಚ ತೊಡಿಸಿದರು. ಆಪ್ತಮೀಮಾಂಸೆಯ ಮೇಲೆ ಅಕಲಂಕರು ಅಷ್ಟಶತಿಯನ್ನೂ, ಅದನ್ನು ಒಳಗೊಂಡು ವಿದ್ಯಾನಂದರು ಅಷ್ಟಸಹಸ್ರಿಯನ್ನೂ ಬರೆದರು. ಗುರುಗಳು ಅಂದು ಅಪ್ಪಣೆ ಕೊಟ್ಟಿದ್ದರೆ ಇವು ಯಾವುವೂ ಇರುತ್ತಿರಲಿಲ್ಲ.

ಆದರೆ ರೋಗದ ದಿನಗಳ ಗುರುತು ಹೆಚ್ಚಾಗಿ ಕಾಣುವುದು ಗೃಹಸ್ಥರಿಗಾಗಿ ರಚಿತವಾದ ಅವರ ರತ್ನಕರಂಡಕ ಶ್ರಾವಕಾಚಾರದಲ್ಲಿ. 150 ಶ್ಲೋಕಗಳ ಈ ಪುಟ್ಟ ಗ್ರಂಥವು ಸಲ್ಲೇಖನವನ್ನು ವಿವರಿಸುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬ ಸಂದರ್ಭಗಳನ್ನು ಹೆಸರಿಸುತ್ತದೆ. ಹೆಸರಿಸಿ, ಇವು ಪ್ರತೀಕಾರವಿಲ್ಲದವುಗಳಾಗಿರಬೇಕೆಂಬ ನಿಬಂಧನೆಯನ್ನು ಹಾಕುತ್ತದೆ. ಪರಿಹಾರವಿರುವ ತನಕ ದೇಹವನ್ನು ಬಿಡುವಂತಿಲ್ಲ. ಮಣುವಕಹಳ್ಳಿಯಲ್ಲಿ ಗುರುಗಳು ಕಲಿಸಿದ ಪಾಠವೇ ಆ ಒಂದು ಪದವಾಗಿ ನಿಂತಿದೆಯೆಂದು ಭಾವಿಸಿದರೆ ತಪ್ಪಾಗಲಾರದು. ದಾನವನ್ನು ಅವರು ವೈಯಾವೃತ್ತ್ಯವೆಂಬ ದೊಡ್ಡ ಮಾತಿನೊಳಗೆ ಸೇರಿಸುತ್ತಾರೆ. ಸಂಯಮಿಗಳ ಆಪತ್ತನ್ನು ನೀಗುವುದು, ಅವರ ಕಾಲೊತ್ತುವುದು ಕೂಡ ಅದರಲ್ಲಿ ಬರುತ್ತದೆ. ತ್ಯಾಗಿಯೂ ಬಳಲುತ್ತಾನೆ, ಅವನ ಕಾಲಿಗೂ ನೋವಾಗುತ್ತದೆ ಎಂಬುದು ಅನುಭವದಿಂದ ಬಲ್ಲವರ ಮಾತು.

ದುಡಿಮೆಯಲ್ಲಿ ಮುಳುಗಿದ ಗೃಹಸ್ಥನಿಗೂ ಅವರು ಬಿಡುವಿನ ಸಮಯವನ್ನು ವ್ರತವಾಗಿ ವಿಧಿಸಿದರು. ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸದಲ್ಲಿ ಊಟದೊಡನೆ ಅಲಂಕಾರವನ್ನೂ ವ್ಯಾಪಾರ ವ್ಯವಹಾರಗಳ ಆರಂಭವನ್ನೂ ಬಿಡಬೇಕು. ಧರ್ಮಾಮೃತವನ್ನು ಬಾಯಾರಿದವನಂತೆ ಕಿವಿಗಳಿಂದ ಕುಡಿಯಬೇಕು. ಅನಾದರದಿಂದ ಮಾಡಿದರೆ ಅದು ಅತಿಚಾರ. ಸಾಮಾಯಿಕದಲ್ಲಿ ಕುಳಿತ ಗೃಹಸ್ಥನಿಗೆ ಆ ಹೊತ್ತಿನಲ್ಲಿ ಆರಂಭವೂ ಇಲ್ಲ, ಪರಿಗ್ರಹವೂ ಇಲ್ಲ. ಆದುದರಿಂದ ಯಾರೋ ಮೈಮೇಲೆ ಬಟ್ಟೆ ಹೊದಿಸಿ ಉಪಸರ್ಗ ಮಾಡಿದ ಮುನಿಗೆ ಅವನು ಸಮಾನನಾಗುತ್ತಾನೆ ಎಂಬುದು ಅವರ ಹೋಲಿಕೆ. ಒಳಗೆ ಮುನಿಯಾಗಿದ್ದು ಹೊರಗೆ ಅನ್ಯವೇಷ ಹೊತ್ತು ಊರೂರು ಅಲೆದವರಿಗೆ ಅಲ್ಲದೆ ಇನ್ನಾರಿಗೆ ಈ ಹೋಲಿಕೆ ಹೊಳೆದೀತು?

ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಪಾರ್ಶ್ವನಾಥ ಬಸದಿಯ ನವರಂಗದಲ್ಲಿ 1129ರ ಒಂದು ದೀರ್ಘ ಶಾಸನವಿದೆ. ಮಲ್ಲಿಷೇಣ ಮಲಧಾರಿದೇವರು ಸಲ್ಲೇಖನದಿಂದ ಸಮಾಧಿಮರಣ ಹೊಂದಿದುದರ ಸ್ಮಾರಕ ಅದು. ಅವರ ಗುರುಪರಂಪರೆಯನ್ನು ಹೊಗಳುತ್ತ ಬರುವ ಕವಿಯು ಸಮಂತಭದ್ರರ ಹೆಸರನ್ನು ತರುತ್ತಾನೆ. ವಾದಗಳ ವಿಜಯಯಾತ್ರೆಯ ವರ್ಣನೆಗೂ ಮೊದಲು, ಪದ್ಮಾವತೀ ದೇವಿಯ ಅನುಗ್ರಹಕ್ಕೂ ಚಂದ್ರಪ್ರಭ ಬಿಂಬದ ಪ್ರಸ್ತಾಪಕ್ಕೂ ಮೊದಲು, ಅವನು ಆಚಾರ್ಯರನ್ನು ವಂದಿಸುವುದು ಭಸ್ಮಕ ರೋಗವನ್ನು ಭಸ್ಮ ಮಾಡಿದ ಸಮರ್ಥರೆಂದು. ಸಲ್ಲೇಖನವನ್ನು ಪಡೆದವರ ಕಲ್ಲಿನ ಮೇಲೆ, ಅದನ್ನು ಬೇಡಿಯೂ ಪಡೆಯದೆ ಹಿಂದಿರುಗಿದವರ ಹೆಸರು ಒಂಬತ್ತು ಶತಮಾನಗಳಿಂದ ಹೀಗೆ ನಿಂತಿದೆ.